ಕಾರು ಸ್ಟಾರ್ಟ್ ಆಗ್ತಿಲ್ವಾ? ಬಾನೆಟ್ ಎತ್ತುವ ಮುಂಚೆ ಶಬ್ದ ಕೇಳಿ

ಕಾರು ಸ್ಟಾರ್ಟ್ ಆಗ್ತಿಲ್ಲ ಅಂತ ಯಾವ ಮೆಕ್ಯಾನಿಕ್‌ಗಾದರೂ ಫೋನ್ ಮಾಡಿ ನೋಡಿ, ಅವರು ಕೇಳುವ ಮೊದಲ ಪ್ರಶ್ನೆ "ಸೆಲ್ಫ್ ಹೊಡೀತಿದೆಯಾ ಸಾರ್?" ಅಂತಲೇ ಇರುತ್ತದೆ. ಸೆಲ್ಫ್ ಅಂದರೆ ಕೀ ತಿರುಗಿಸಿದಾಗ ಇಂಜಿನ್ನನ್ನು ಸುತ್ತಿಸುವ ಸ್ಟಾರ್ಟರ್ ಮೋಟರ್. ಅರ್ಧ ವಿಷಯ ಆ ಒಂದು ಉತ್ತರದಲ್ಲೇ ಗೊತ್ತಾಗಿಬಿಡುತ್ತದೆ. ಕೀ ತಿರುಗಿಸಿದಾಗ ಇಂಜಿನ್ ಸುತ್ತುವ ಶಬ್ದವೇ ಬರುತ್ತಿಲ್ಲ ಎಂದರೆ ತೊಂದರೆ ಬ್ಯಾಟರಿ, ಅದರ ಟರ್ಮಿನಲ್, ವೈರು, ಸೆಲ್ಫ್ ಮೋಟರ್ ಇಷ್ಟರಲ್ಲೇ ಎಲ್ಲೋ ಇದೆ. ಸೆಲ್ಫ್ ಜೋರಾಗಿ ಹೊಡೆಯುತ್ತಿದೆ, ಆದರೆ ಇಂಜಿನ್ ಹಿಡಿದುಕೊಳ್ಳುತ್ತಿಲ್ಲ ಎಂದರೆ ಬ್ಯಾಟರಿಯನ್ನು ಮರೆತುಬಿಡಿ. ಪೆಟ್ರೋಲ್ ಬರುತ್ತಿಲ್ಲವೋ, ಕಿಡಿ ಬರುತ್ತಿಲ್ಲವೋ, ಯಾವುದಾದರೂ ಸೆನ್ಸರ್ ಕೈಕೊಟ್ಟಿದೆಯೋ ನೋಡಬೇಕು. ಇದನ್ನು ಬೇರೆ ಮಾಡಿಕೊಳ್ಳದೆ ಬಾನೆಟ್ ಎತ್ತಿದರೆ ಅಲ್ಲಿ ಇಲ್ಲಿ ವೈರು ಅಲ್ಲಾಡಿಸಿ ಕೈ ಮಸಿ ಮಾಡಿಕೊಳ್ಳುವುದಷ್ಟೇ ಲಾಭ.

ಸ್ಟಾರ್ಟ್ ಆಗಲಿಲ್ಲ ಅಂತ ಸಿಟ್ಟಿಗೆ ಕೀ ಹಿಡಿದುಕೊಂಡು ಕೊರ್ ಕೊರ್ ಅನ್ನಿಸುತ್ತಲೇ ಇರಬೇಡಿ. ಒಂದು ಸಲಕ್ಕೆ ಐದಾರು ಸೆಕೆಂಡ್ ಸಾಕು. ಆಮೇಲೆ ಅರ್ಧ ನಿಮಿಷವಾದರೂ ಬಿಡಿ. ಸೆಲ್ಫ್ ಮೋಟರ್ ಭಾರೀ ಕರೆಂಟ್ ಎಳೆಯುತ್ತದೆ, ಬೇಗ ಕಾಯುತ್ತದೆ. ಮೂರ್ನಾಲ್ಕು ಸಲಕ್ಕೆ ಆಗಲಿಲ್ಲ ಅಂದರೆ ಹತ್ತನೇ ಸಲಕ್ಕೂ ಆಗುವುದಿಲ್ಲ. ಅಲ್ಲಿಯವರೆಗೆ ಚೆನ್ನಾಗಿದ್ದ ಬ್ಯಾಟರಿಯೂ ಖಾಲಿಯಾಗಿ, ಇದ್ದ ಒಂದು ತೊಂದರೆ ಎರಡಾಗುತ್ತದೆ.

ಕೀ ಮುಟ್ಟಲೇಬಾರದ ಎರಡು ಸಂದರ್ಭ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿದರೆ ಖರ್ಚು ಸಾವಿರದಲ್ಲಿ ನಿಲ್ಲುವುದಿಲ್ಲ, ಲಕ್ಷಕ್ಕೆ ಹೋಗಬಹುದು.

ಒಂದು, ಕಾರು ನೀರಿನಲ್ಲಿ ನಿಂತಿದ್ದರೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ, ಯಮಲೂರು ಕಡೆ ಬೇಸ್‌ಮೆಂಟ್‌ಗಳಲ್ಲೆಲ್ಲ ನೀರು ತುಂಬಿದ್ದು ನೆನಪಿರಬಹುದು. ನೀರು ಇಳಿದ ಮೇಲೆ ಕಾರು ಹೊರಗಿಂದ ಏನೂ ಆಗದ ಹಾಗೆ ಕಾಣಿಸುತ್ತದೆ, "ಒಂದ್ಸಲ ನೋಡೇಬಿಡೋಣ" ಅನ್ನಿಸುತ್ತದೆ. ನೋಡಬೇಡಿ. ಏರ್ ಫಿಲ್ಟರ್ ದಾರಿಯಲ್ಲಿ ಸಿಲಿಂಡರ್ ಒಳಗೆ ನೀರು ಹೋಗಿದ್ದರೆ, ಪಿಸ್ಟನ್ ಮೇಲೆ ಬಂದಾಗ ಗಾಳಿಯ ಹಾಗೆ ನೀರು ಕುಗ್ಗುವುದಿಲ್ಲ. ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಸಾಮಾನ್ಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ಹೀಗೆ ಹಾಳಾದ ಇಂಜಿನ್‌ಗೆ ದುಡ್ಡು ಸಿಗುವುದು ಕಷ್ಟ. ಇಂಜಿನ್ ಪ್ರೊಟೆಕ್ಟ್ ಅನ್ನುವ ಆ್ಯಡ್-ಆನ್ ಬೇಕಾಗುತ್ತದೆ. ಆ ಆ್ಯಡ್-ಆನ್ ಇದ್ದರೂ, ನೀರಿನಲ್ಲಿ ನಿಂತ ಮೇಲೆ ನೀವೇ ಸ್ಟಾರ್ಟ್ ಮಾಡಲು ಹೋಗಿದ್ದೀರಿ ಎಂದರೆ ತಕರಾರು ಬರುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚಿ, ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವುದು ಕಾಣುವ ಹಾಗೆ ಫೋಟೋ ತೆಗೆದು, ಲಾರಿ ಮೇಲೆ ಹಾಕಿಸಿ ಕಳಿಸಿ. ಮಳೆ ನೀರಿನಲ್ಲಿ ಓಡಿಸುವಾಗಲೇ ಕಾರು ಆಫ್ ಆಗಿ ನಿಂತರೂ ಇದೇ ಮಾತು.

ಎರಡು, ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡಿದ್ದರೆ. ಬಂಕಿನಲ್ಲೇ ಗೊತ್ತಾಯಿತು ಅಂದರೆ ಇಗ್ನಿಷನ್ ಕೂಡ ಆನ್ ಮಾಡಬೇಡಿ. ಕೆಲವು ಕಾರುಗಳಲ್ಲಿ ಕೀ ಆನ್ ಆದ ತಕ್ಷಣ ಪಂಪ್ ಓಡಲು ಶುರುವಾಗಿ ಪೆಟ್ರೋಲ್ ಲೈನಿಗೆ ಬರುತ್ತದೆ. ಡೀಸೆಲ್‌ಗೆ ಇರುವ ಜಿಡ್ಡು ಪೆಟ್ರೋಲ್‌ಗೆ ಇಲ್ಲ, ಹೈ ಪ್ರೆಷರ್ ಪಂಪ್ ಒಣಗಿ ಉಜ್ಜಿ ಲೋಹದ ಪುಡಿ ಇಂಜೆಕ್ಟರ್‌ವರೆಗೂ ಹೋಗುತ್ತದೆ. ಗೇರ್ ನ್ಯೂಟ್ರಲ್‌ಗೆ ಹಾಕಿ ಪಕ್ಕಕ್ಕೆ ತಳ್ಳಿಸಿ ಟ್ಯಾಂಕ್ ಖಾಲಿ ಮಾಡಿಸಿ. ನಿಮ್ಮದು ಬಟನ್ ಸ್ಟಾರ್ಟ್ ಅಥವಾ ಆಟೋಮ್ಯಾಟಿಕ್ ಆಗಿದ್ದು ಕೀ ಆನ್ ಮಾಡದೆ ನ್ಯೂಟ್ರಲ್ ಬರುವುದಿಲ್ಲ ಅಂದರೆ ಹಾಗೇ ಬಿಟ್ಟು ಗಾಡಿ ಎತ್ತುವವರನ್ನು ಕರೆಯಿರಿ.

ಮೊದಲು ಕೂತಲ್ಲೇ ನೋಡಿ

ಹೇಳಲು ನಾಚಿಕೆ ಅನ್ನಿಸುವಂಥ ಕಾರಣಗಳೇ ಜಾಸ್ತಿ. ಆಟೋಮ್ಯಾಟಿಕ್ ಗಾಡಿಯ ಗೇರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸೆಲ್ಫ್ ಹೊಡೆಯುವುದೇ ಇಲ್ಲ. ಗೇರ್ ಪಾರ್ಕ್‌ನಲ್ಲೇ ಇದ್ದೂ ಹೊಡೆಯದಿದ್ದರೆ ಒಂದು ಸಲ ನ್ಯೂಟ್ರಲ್‌ಗೆ ತಂದು ನೋಡಿ, ಅಲ್ಲಿನ ಸ್ವಿಚ್ ಸವೆದಿದ್ದರೆ ಹಾಗಾದರೂ ಹೊಡೆಯುತ್ತದೆ. ಈಗಿನ ಬಹಳಷ್ಟು ಮ್ಯಾನುಯಲ್ ಕಾರುಗಳಲ್ಲಿ ಕ್ಲಚ್ ಪೂರ್ತಿ ಒತ್ತಲೇಬೇಕು, ಅರ್ಧ ಒತ್ತಿದರೆ ಸಾಲದು. ಪೆಡಲ್ ಕೆಳಗೆ ಮ್ಯಾಟ್ ಮಡಚಿ ಸಿಕ್ಕಿಕೊಂಡಿದ್ದರೂ ಕ್ಲಚ್ ಪೂರ್ತಿ ಇಳಿಯುವುದಿಲ್ಲ. ಬಟನ್ ಸ್ಟಾರ್ಟ್ ಆಟೋಮ್ಯಾಟಿಕ್‌ನಲ್ಲಿ ಬ್ರೇಕ್ ಒತ್ತಿರಬೇಕು. ಬ್ರೇಕ್ ಲೈಟ್ ಸ್ವಿಚ್ ಹೋಗಿದ್ದರೆ ಕಾಲು ಒತ್ತಿದ್ದು ಕಾರಿಗೆ ಗೊತ್ತೇ ಆಗುವುದಿಲ್ಲ. ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ಲೈಟ್ ಹತ್ತುತ್ತದೆಯಾ ಕೇಳಿ.

ಕೀ ತಿರುಗುವುದೇ ಇಲ್ಲವಾ? ಸ್ಟೀರಿಂಗ್ ಲಾಕ್ ಆಗಿದೆ. ಒಂದು ಕೈಯಲ್ಲಿ ಸ್ಟೀರಿಂಗ್ ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಾ ಇನ್ನೊಂದು ಕೈಯಲ್ಲಿ ಮೆಲ್ಲಗೆ ಕೀ ತಿರುಗಿಸಿ. ಬಲ ಹಾಕಿ ಕೀ ಮುರಿದುಕೊಂಡರೆ ಅದು ಬೇರೆಯದೇ ಕಥೆ.

ಡ್ಯಾಶ್‌ಬೋರ್ಡ್‌ನಲ್ಲಿ ಕಾರು ಮತ್ತು ಬೀಗ, ಅಥವಾ ಕೀ ಚಿತ್ರದ ಲೈಟ್ ಪಟಪಟ ಮಿನುಗುತ್ತಿದ್ದರೆ ಇಮ್ಮೊಬಿಲೈಜರ್, ಅಂದರೆ ಕಳ್ಳತನ ತಡೆಯುವ ವ್ಯವಸ್ಥೆ, ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ. ಇದರಲ್ಲಿ ಕೆಲವು ಕಾರುಗಳು ಸೆಲ್ಫ್ ಹೊಡೆಯುತ್ತವೆ, ಒಂದು ಕ್ಷಣ ಸ್ಟಾರ್ಟೂ ಆಗಿ ಸತ್ತುಹೋಗುತ್ತವೆ, ಅದಕ್ಕೇ ಜನ ಪೆಟ್ರೋಲ್ ಪಂಪ್ ಹೋಗಿದೆ ಅಂದುಕೊಳ್ಳುತ್ತಾರೆ. ಮನೆಯಲ್ಲಿರುವ ಎರಡನೇ ಕೀ ತಂದು ನೋಡಿ. ಬಟನ್ ಸ್ಟಾರ್ಟ್ ಕಾರಾದರೆ ಕೀ ಒಳಗಿನ ಸೆಲ್ ಹೋಗಿರಬಹುದು. ಹೆಚ್ಚಿನ ಕೀಗಳಲ್ಲಿ ಸಿಆರ್2032 ಅನ್ನುವ ನಾಣ್ಯದಂಥ ಸೆಲ್ ಇರುತ್ತದೆ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಅಲ್ಲಿಯವರೆಗೆ ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು, ಅದರಿಂದಲೇ ಬಟನ್ ಒತ್ತಿ. ಸೆಲ್ ಸತ್ತಿದ್ದರೂ ಬಹಳ ಕಾರುಗಳಲ್ಲಿ ಇದು ಕೆಲಸ ಮಾಡುತ್ತದೆ. ಕೆಲವದರಲ್ಲಿ ಕೀ ಇಡುವ ಜಾಗ ಬೇರೆ ಇರುತ್ತದೆ, ಗ್ಲವ್ ಬಾಕ್ಸ್‌ನಲ್ಲಿ ಮುಟ್ಟದೆ ಬಿದ್ದಿರುವ ಓನರ್ಸ್ ಮ್ಯಾನುಯಲ್‌ನಲ್ಲಿ ಅದರ ಚಿತ್ರವೇ ಇದೆ.

ಸೆಲ್ಫ್ ಹೊಡೆಯುತ್ತಿಲ್ಲ

ಈಗ ಬ್ಯಾಟರಿ. ಹೆಡ್‌ಲೈಟ್ ಆನ್ ಮಾಡಿ ಎದುರಿನ ಗೋಡೆ ಮೇಲೆ ಬೆಳಕು ನೋಡುತ್ತಾ ಕೀ ತಿರುಗಿಸಿ. ಲೈಟೇ ಹತ್ತುತ್ತಿಲ್ಲ ಅಂದರೆ ಬ್ಯಾಟರಿ ಪೂರ್ತಿ ಡೌನ್, ಇಲ್ಲವೇ ಟರ್ಮಿನಲ್ ಸಡಿಲ. ಲೈಟ್ ಹತ್ತಿದೆ, ಕೀ ತಿರುಗಿಸಿದ ತಕ್ಷಣ ಸತ್ತ ಹಾಗೆ ಮಂಕಾಯಿತು, ಜೊತೆಗೆ ಟಕಟಕಟಕ ಅಂತ ಶಬ್ದ ಬಂತು ಎಂದರೆ ಬ್ಯಾಟರಿಯಲ್ಲಿ ಲೈಟ್ ಉರಿಸುವಷ್ಟು ಕರೆಂಟ್ ಇದೆ, ಇಂಜಿನ್ ಸುತ್ತಿಸುವಷ್ಟು ಇಲ್ಲ. "ಹಾರನ್ ಬರ್ತಿದೆ, ಲೈಟ್ ಬರ್ತಿದೆ, ಬ್ಯಾಟರಿ ಸರಿ ಇದೆ" ಅನ್ನುವವರು ಪ್ರತಿ ಪಾರ್ಕಿಂಗ್‌ನಲ್ಲೂ ಒಬ್ಬರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಹಾರನ್‌ಗೆ ಬೇಕಾಗುವ ಕರೆಂಟ್ ಎಷ್ಟು, ಸೆಲ್ಫ್‌ಗೆ ಬೇಕಾಗುವುದು ಎಷ್ಟು! ನೂರು ಆಂಪಿಯರ್ ದಾಟಿಬಿಡುತ್ತದೆ.

ಲೈಟ್ ಸ್ವಲ್ಪವೂ ಮಂಕಾಗಲಿಲ್ಲ, ಒಂದೇ ಒಂದು ಸಲ ಟಕ್ ಅಂದು ಸುಮ್ಮನಾಯಿತು ಅಂದರೆ ಬ್ಯಾಟರಿಗಿಂತ ಸೆಲ್ಫ್ ಮೋಟರ್ ಮೇಲೇ ಅನುಮಾನ ಜಾಸ್ತಿ. ಟಕ್ ಕೂಡ ಇಲ್ಲ, ಲೈಟೆಲ್ಲ ಸರಿ ಇದೆ ಎಂದರೆ ಸೆಲ್ಫ್‌ಗೆ ಸಿಗ್ನಲ್ಲೇ ಹೋಗುತ್ತಿಲ್ಲ: ಮೇಲೆ ಹೇಳಿದ ಕ್ಲಚ್ ಸ್ವಿಚ್, ಗೇರ್ ಸ್ವಿಚ್, ಸ್ಟಾರ್ಟರ್ ರಿಲೇ (ಕರೆಂಟಿನಿಂದಲೇ ಆನ್ ಆಗುವ ಸ್ವಿಚ್), ಅಥವಾ ಇಗ್ನಿಷನ್ ಸ್ವಿಚ್.

ಬ್ಯಾಟರಿ ಅನ್ನುವ ಅನುಮಾನ ಬಂದರೂ ಹೊಸದಕ್ಕೆ ಫೋನ್ ಮಾಡುವ ಮುಂಚೆ ಟರ್ಮಿನಲ್ ನೋಡಿ. ಕೈಯಿಂದ ತಿರುಚಿದರೆ ಅಲ್ಲಾಡಬಾರದು. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಕರೆಂಟ್ ಅದನ್ನು ದಾಟಿ ಬರುವುದಿಲ್ಲ. ಹತ್ತು ಎಂಎಂ ಸ್ಪ್ಯಾನರ್ ಒಂದು ಕಾರಿನಲ್ಲಿ ಯಾವಾಗಲೂ ಇಟ್ಟುಕೊಳ್ಳಿ, ಹೆಚ್ಚಿನ ಕಾರುಗಳ ಟರ್ಮಿನಲ್ ನಟ್ಟಿಗೆ ಅದೇ ಬೇಕು. ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಈ ಕ್ರಮ ಯಾಕೆ ಅಂದರೆ, ಮೈನಸ್ ಇನ್ನೂ ಕೂತಿರುವಾಗ ಪ್ಲಸ್ ಬಿಚ್ಚುತ್ತಿದ್ದು ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ಪುಡಿಯ ಮೇಲೆ ಸ್ವಲ್ಪ ಅಡುಗೆ ಸೋಡಾ ಕಲಸಿದ ಬಿಸಿ ನೀರು ಹಾಕಿದರೆ ಬುರಬುರ ಅಂತ ನೊರೆ ಬಂದು ಕರಗುತ್ತದೆ. ಒರೆಸಿ, ಒಣಗಿಸಿ, ಟರ್ಮಿನಲ್ ಒಳಮೈಯನ್ನು ಹಳೇ ವೈರ್ ಬ್ರಶ್‌ನಿಂದಲೋ ಎಮರಿ ಪೇಪರ್‌ನಿಂದಲೋ ಹೊಳೆಯುವ ಹಾಗೆ ಉಜ್ಜಿ, ಬಿಗಿ ಮಾಡಿ, ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಮೈನಸ್ ವೈರಿನ ಇನ್ನೊಂದು ತುದಿ ಬಾಡಿಗೋ ಗೇರ್‌ಬಾಕ್ಸ್‌ಗೋ ಬೋಲ್ಟ್ ಆಗಿರುತ್ತದಲ್ಲ, ಅದನ್ನೂ ನೋಡಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪು ಗಾಳಿಗೆ ಆ ಬೋಲ್ಟ್ ತುಕ್ಕು ಹಿಡಿದು ಅರ್ಥಿಂಗ್ ಹೋಗುವುದು ಬಹಳ. ಯಾರೂ ಅದನ್ನು ನೋಡುವುದಿಲ್ಲ, ಬ್ಯಾಟರಿ ಬದಲಾಯಿಸುತ್ತಾ ಹೋಗುತ್ತಾರೆ.

ಮಲ್ಟಿಮೀಟರ್ ಒಂದು ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವುದೇ ಸಾಕು. ಕಾರು ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಬ್ಯಾಟರಿಗೆ ಹಿಡಿದರೆ 12.6 ವೋಲ್ಟ್ ಬಂದರೆ ಫುಲ್ ಚಾರ್ಜ್, 12.2 ಬಂದರೆ ಹೆಚ್ಚುಕಡಿಮೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಖಾಲಿ ಅಂತಲೇ ಲೆಕ್ಕ. ನೋಡುವುದಕ್ಕೆ ಅರ್ಧ ವೋಲ್ಟ್ ವ್ಯತ್ಯಾಸ, ಆದರೆ ಅಷ್ಟರಲ್ಲೇ ಎಲ್ಲ ಇದೆ. ಇನ್ನೊಬ್ಬರು ಸೆಲ್ಫ್ ಹೊಡೆಯುವಾಗ ಮೀಟರ್ ನೋಡಿ: 10 ವೋಲ್ಟ್ ಆಸುಪಾಸಿಗೆ ಇಳಿದು ನಿಂತರೆ ಸರಿ, 9ಕ್ಕೋ 8ಕ್ಕೋ ಕುಸಿದರೆ ಬ್ಯಾಟರಿ ಒಳಗೇ ಸತ್ತಿದೆ. 12.6 ತೋರಿಸಿ ಲೋಡ್ ಬಿದ್ದಾಗ ಕುಸಿಯುವ ಬ್ಯಾಟರಿಗಳೇ ಮೋಸ ಮಾಡುವುದು. ಬ್ಯಾಟರಿ ಮೇಲಿನ ಹಸಿರು ಕಣ್ಣನ್ನೂ ಪೂರ್ತಿ ನಂಬಬೇಡಿ, ಆರು ಸೆಲ್‌ಗಳಲ್ಲಿ ಅದು ನೋಡುವುದು ಒಂದನ್ನು ಮಾತ್ರ.

ಜಂಪ್ ಮಾಡುವುದು, ತಳ್ಳುವುದು

ಬ್ಯಾಟರಿ ಡೌನ್ ಅಂತ ಖಾತ್ರಿಯಾದರೆ ಜಂಪ್ ಮಾಡಬಹುದು, ಅಂದರೆ ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟ್ ಪಡೆದು ಸ್ಟಾರ್ಟ್ ಮಾಡುವುದು. ಆ ಕಾರನ್ನು ಹತ್ತಿರ ನಿಲ್ಲಿಸಿ, ಎರಡೂ ತಾಗದ ಹಾಗೆ. ಎರಡನ್ನೂ ಆಫ್ ಮಾಡಿ. ಮೊದಲು ಕೆಂಪು ಕೇಬಲ್‌ನ ಒಂದು ತುದಿ ನಿಮ್ಮ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಆಮೇಲೆ ಕಪ್ಪು ಕೇಬಲ್‌ನ ಒಂದು ತುದಿ ಒಳ್ಳೆ ಬ್ಯಾಟರಿಯ ಮೈನಸ್‌ಗೆ. ಉಳಿದ ಕಪ್ಪು ತುದಿಯನ್ನು ನಿಮ್ಮ ಬ್ಯಾಟರಿಯ ಮೈನಸ್‌ಗೆ ಹಾಕಬೇಡಿ, ಬ್ಯಾಟರಿಯಿಂದ ದೂರದಲ್ಲಿ ನಿಮ್ಮ ಇಂಜಿನ್ನಿನ ಬಣ್ಣ ಇಲ್ಲದ ಗಟ್ಟಿ ಲೋಹಕ್ಕೆ ಕಚ್ಚಿಸಿ. ಕೊನೆಯ ತುದಿ ಹಾಕುವಾಗ ಕಿಡಿ ಹಾರುತ್ತದೆ. ಬ್ಯಾಟರಿ ಹತ್ತಿರ ಹೈಡ್ರೋಜನ್ ಗ್ಯಾಸ್ ಇರಬಹುದು. ಅದಕ್ಕೇ ದೂರ. ಒಳ್ಳೆ ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಓಡಲು ಬಿಟ್ಟು ಆಮೇಲೆ ನಿಮ್ಮದರ ಕೀ ತಿರುಗಿಸಿ. ಸ್ಟಾರ್ಟ್ ಆದ ಮೇಲೆ ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ತೆಗೆಯಿರಿ. ಪ್ಲಸ್ ಮೈನಸ್ ಅದಲುಬದಲಾದರೆ ಫ್ಯೂಸ್ ಹಾರುವುದು ಒಂದು ಕಡೆ, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಸಾಧನ) ಕೂಡ ಹೋಗಬಹುದು, ಅದೂ ಎರಡೂ ಕಾರಿನದು. ಕಡಿಮೆ ಬೆಲೆಯ ತೆಳು ಕೇಬಲ್ ಮಾತ್ರ ತಗೋಬೇಡಿ, ಕಾಯುತ್ತದೆಯೇ ಹೊರತು ಕರೆಂಟ್ ಸಾಗಿಸುವುದಿಲ್ಲ. ಬ್ಯಾಟರಿ ಉಬ್ಬಿದ್ದರೆ, ಸೀಳಿದ್ದರೆ ಅಥವಾ ಸೋರುತ್ತಿದ್ದರೆ ಜಂಪ್ ಮಾಡುವ ಮಾತೇ ಇಲ್ಲ.

ತಳ್ಳಿ ಸ್ಟಾರ್ಟ್ ಮಾಡುವುದು ಕೀ ಇರುವ ಮ್ಯಾನುಯಲ್ ಗಾಡಿಗೆ ಮಾತ್ರ. ಕೀ ಆನ್, ಸೆಕೆಂಡ್ ಗೇರ್, ಕ್ಲಚ್ ಪೂರ್ತಿ ಒತ್ತಿ ಹಿಡಿದು, ಕಾರು ಓಡುವ ವೇಗಕ್ಕೆ ಬಂದಾಗ ಕ್ಲಚ್ ತಟ್ಟನೆ ಬಿಟ್ಟು ಇಂಜಿನ್ ಹಿಡಿದ ಕೂಡಲೇ ಮತ್ತೆ ಒತ್ತುವುದು. ಫಸ್ಟ್ ಗೇರ್‌ನಲ್ಲಿ ಮಾಡಿದರೆ ಚಕ್ರ ಕಚ್ಚಿ ಎಳೆದು ನಿಲ್ಲಿಸುತ್ತದೆ. ಇಂಜಿನ್ ಆಫ್ ಇರುವಾಗ ಬ್ರೇಕೂ ಸ್ಟೀರಿಂಗೂ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ ಅನ್ನುವುದು ನೆನಪಿರಲಿ, ಇಳಿಜಾರಿನಲ್ಲಿ ಒಬ್ಬರೇ ಈ ಸಾಹಸ ಬೇಡ. ಬ್ಯಾಟರಿ ಪೂರ್ತಿ ಸತ್ತು ಡ್ಯಾಶ್‌ಬೋರ್ಡ್ ಲೈಟೂ ಹತ್ತದಿದ್ದರೆ ತಳ್ಳಿ ಪ್ರಯೋಜನ ಇಲ್ಲ. ಹಳೇ ಅಂಬಾಸಿಡರ್ ಕಾಲ ಅಲ್ಲ ಇದು, ಇಸಿಯುಗೆ, ಪೆಟ್ರೋಲ್ ಪಂಪ್‌ಗೆ ಕರೆಂಟ್ ಇಲ್ಲದೆ ಇಂಜಿನ್ ಎಷ್ಟು ಸುತ್ತಿದರೂ ಹತ್ತುವುದಿಲ್ಲ.

ಸ್ಟಾರ್ಟ್ ಆಯಿತಾ? ಮೀಟರ್ ಇದ್ದರೆ ಈಗಲೂ ಒಂದು ಸಲ ಹಿಡಿಯಿರಿ. ಇಂಜಿನ್ ಓಡುವಾಗ 13.8ರಿಂದ 14.4ರ ಒಳಗೆ ಬರಬೇಕು. 12.5ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿಲ್ಲ. (ಕೆಲವು ಹೊಸ ಕಾರುಗಳು ಮೈಲೇಜ್ ಉಳಿಸಲು ಮಧ್ಯೆ ಚಾರ್ಜಿಂಗ್ ಕಡಿಮೆ ಮಾಡುತ್ತವೆ, ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ನೋಡಿ.) ಆಲ್ಟರ್ನೇಟರ್ ಕೆಟ್ಟಿದ್ದರೆ ಹೊಸ ಬ್ಯಾಟರಿ ಹಾಕಿಸಿದರೂ ನಾಳೆ ಸಂಜೆಗೆ ಅದೂ ಡೌನ್. ಚಾರ್ಜ್ ಸರಿ ಇದ್ದರೆ ಅರ್ಧ ಮುಕ್ಕಾಲು ಗಂಟೆ ಓಡಿಸಿಕೊಂಡು ಬನ್ನಿ. ನಿಂತಲ್ಲೇ ಐದು ನಿಮಿಷ ಐಡಲ್ ಬಿಟ್ಟು ಆಫ್ ಮಾಡುವುದರಿಂದ, ಸೆಲ್ಫ್ ಎಳೆದುಕೊಂಡಷ್ಟೂ ವಾಪಸ್ ಬರುವುದು ಕಷ್ಟ. ವಾರಕ್ಕೊಮ್ಮೆ ಹೀಗೆ "ಸ್ಟಾರ್ಟ್ ಮಾಡಿಡುವ" ಅಭ್ಯಾಸ ಬ್ಯಾಟರಿಗೆ ಉಪಕಾರಕ್ಕಿಂತ ಅಪಕಾರವೇ.

ಚಾರ್ಜ್ ಸರಿ, ಬ್ಯಾಟರಿ ಹೊಸದು, ಆದರೂ ಎರಡು ದಿನ ನಿಲ್ಲಿಸಿದರೆ ಡೌನ್ ಆಗುತ್ತದೆ ಎಂದರೆ ಯಾವುದೋ ಒಂದು ಕರೆಂಟ್ ಕುಡಿಯುತ್ತಿದೆ. ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್ ಮೊದಲ ಅಪರಾಧಿಗಳು. ಡಿಕ್ಕಿಯ ಲೈಟ್ ಬಾಗಿಲು ಮುಚ್ಚಿದರೂ ಆರದೆ ಉರಿಯುತ್ತಿರುವುದೂ ಉಂಟು, ಒಳಗೆ ಫೋನ್ ಇಟ್ಟು ವಿಡಿಯೋ ಮಾಡಿದರೆ ಗೊತ್ತಾಗಿಬಿಡುತ್ತದೆ.

ಸೆಲ್ಫ್ ಮೋಟರ್ರೇ ಕೆಟ್ಟಿದ್ದರೆ ಹಳೇ ಮೆಕ್ಯಾನಿಕ್‌ಗಳ ಒಂದು ಉಪಾಯ ಇದೆ. ಕಾರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಕೀ ತಿರುಗಿಸಿ ಹಿಡಿದಿರುವಾಗ ಇನ್ನೊಬ್ಬರು ಸೆಲ್ಫ್ ಮೋಟರ್ ಮೈಗೆ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ಎರಡು ತಟ್ಟು ತಟ್ಟುವುದು. ಸವೆದ ಕಾರ್ಬನ್ ಬ್ರಶ್ ಜಾಗಕ್ಕೆ ಬಂದು ಕೂತು ಕರೆಂಟ್ ಸಿಗುತ್ತದೆ. ಬೆಲ್ಟ್, ಫ್ಯಾನ್ ಹತ್ತಿರ ಕೈ ಬಟ್ಟೆ ಹೋಗದ ಹಾಗೆ ನೋಡಿಕೊಳ್ಳಿ. ಸ್ಟಾರ್ಟ್ ಆದರೆ ಸೀದಾ ಗ್ಯಾರೇಜಿಗೆ ಹೋಗಿ, ದಾರಿಯಲ್ಲಿ ಕಾಫಿಗೆ ಅಂತ ಆಫ್ ಮಾಡಬೇಡಿ. ಬ್ರಶ್ ಮಾತ್ರ ಹೋಗಿದ್ದರೆ ಆಟೋ ಎಲೆಕ್ಟ್ರಿಷಿಯನ್ ಕಡಿಮೆಯಲ್ಲಿ ರಿಪೇರಿ ಮಾಡಿಕೊಡುತ್ತಾರೆ, ಇಡೀ ಮೋಟರ್ ಬದಲಾಯಿಸಬೇಕಿಲ್ಲ.

ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಹಿಡಿಯುವುದಿಲ್ಲ

ಇಲ್ಲಿ ಮೊದಲು ಕೇಳಬೇಕಾದ್ದು ಪೆಟ್ರೋಲ್ ಪಂಪ್‌ನ ಶಬ್ದ. ಎಸಿ, ರೇಡಿಯೋ ಆಫ್ ಮಾಡಿ. ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕೆಳಗಿಂದ ಎರಡು ಮೂರು ಸೆಕೆಂಡ್ ಝುಂಯ್ ಅಂತ ಸಣ್ಣ ಶಬ್ದ ಬರಬೇಕು. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಪಂಪ್ ಇರುವುದು ಅಲ್ಲೇ, ಟ್ಯಾಂಕಿನ ಒಳಗೆ. ಶಬ್ದ ಇಲ್ಲ ಅಂದರೆ ಫ್ಯೂಸ್ ಬಾಕ್ಸ್ ತೆರೆಯಿರಿ. ಮುಚ್ಚಳದ ಒಳಗೆ ಯಾವುದು ಯಾವುದರದ್ದು ಅಂತ ಚಿತ್ರ ಇರುತ್ತದೆ. ಪಂಪಿನ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದು ಒಳಗಿನ ತಂತಿ ತುಂಡಾಗಿದೆಯಾ ನೋಡಿ. ಹಾಕುವಾಗ ಅದೇ ಆಂಪಿಯರ್ ಹಾಕಿ: 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. 15 ಹಾರುತ್ತಿದೆ ಅಂತ 30 ಹಾಕಿದರೆ ಫ್ಯೂಸ್ ಉಳಿದು ವೈರು ಸುಡುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದದ ಉಪಾಯ ಹೇಳುವವರು ಇನ್ನೂ ಇದ್ದಾರೆ, ದಯವಿಟ್ಟು ಬೇಡ. ಫ್ಯೂಸ್ ಸರಿ ಇದ್ದರೆ ಪಕ್ಕದಲ್ಲೇ ಇರುವ ರಿಲೇ ನೋಡಿ. ಹಾರನ್ ರಿಲೇ ಮತ್ತು ಪಂಪ್ ರಿಲೇ ಎಷ್ಟೋ ಕಾರುಗಳಲ್ಲಿ ಒಂದೇ ನಮೂನೆ. ಮೇಲಿನ ನಂಬರ್ ಒಂದೇ ಇದ್ದರೆ ಅದಲುಬದಲು ಮಾಡಿ ಹಾಕಿ. ಹಾರನ್ ಹೋಗಿ ಕಾರು ಸ್ಟಾರ್ಟ್ ಆಯಿತಾ, ರಿಲೇ ಬದಲಾಯಿಸಿದರೆ ಮುಗಿಯಿತು.

ಪೆಟ್ರೋಲ್ ಇದೆಯಾ ಅನ್ನುವುದನ್ನು ಮುಳ್ಳು ನೋಡಿ ನಿರ್ಧರಿಸಬೇಡಿ. ಮುಳ್ಳು ಸುಳ್ಳು ಹೇಳುತ್ತದೆ, ಇಳಿಜಾರಿನಲ್ಲಿ ನಿಲ್ಲಿಸಿದ್ದರಂತೂ ಇನ್ನೂ ಜಾಸ್ತಿ. ಐದು ಲೀಟರ್ ತಂದು ಹಾಕಿ ನೋಡುವುದು ಯಾವ ಪರೀಕ್ಷೆಗಿಂತಲೂ ಅಗ್ಗ. ಸಿಎನ್‌ಜಿ ಗಾಡಿಯವರು ಇಲ್ಲಿ ಹೆಚ್ಚು ಸಿಕ್ಕಿಬೀಳುತ್ತಾರೆ: ಬಹುತೇಕ ಸಿಎನ್‌ಜಿ ಕಾರುಗಳು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಗ್ಯಾಸಿಗೆ ಬದಲಾಗುತ್ತವೆ, ಸಿಲಿಂಡರ್ ತುಂಬಿದೆ ಅಂತ ಪೆಟ್ರೋಲ್ ಹಾಕಿಸುವುದನ್ನೇ ಮರೆತರೆ ಗ್ಯಾಸ್ ತುಂಬಿಕೊಂಡೇ ಕಾರು ನಿಂತಿರುತ್ತದೆ. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವವರ ಪಂಪ್ ಬೇಗ ಹೋಗುತ್ತದೆ, ಯಾಕೆಂದರೆ ಪಂಪ್ ತಣ್ಣಗಿರುವುದೇ ಸುತ್ತ ಇರುವ ಪೆಟ್ರೋಲ್‌ನಿಂದ.

ಕಾರನ್ನು ನಿನ್ನೆ ಎರಡು ಮಾರು ಮುಂದೆ ತಂದು, ಅಂದರೆ ಪಕ್ಕದವರ ಗಾಡಿಗೆ ದಾರಿ ಬಿಡಲು ಸ್ಟಾರ್ಟ್ ಮಾಡಿ ಅರ್ಧ ನಿಮಿಷದಲ್ಲಿ ಆಫ್ ಮಾಡಿದ್ದಿರಾ? ತಣ್ಣಗಿನ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗಿ ಕಿಡಿ ಕೊಡುವ ಪ್ಲಗ್ ಒದ್ದೆಯಾಗಿರಬಹುದು. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಅದೇ. ಆಕ್ಸಿಲರೇಟರ್ ಪೂರ್ತಿ ನೆಲಕ್ಕೆ ಒತ್ತಿ ಹಿಡಿದು ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಹೆಚ್ಚಿನ ಪೆಟ್ರೋಲ್ ಕಾರುಗಳ ಇಸಿಯು ಆಗ ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಬಿಡುತ್ತದೆ. ಗುರ್ ಅಂತ ಹಿಡಿದ ಕೂಡಲೇ ಕಾಲು ಎತ್ತಿ.

ಪೆಟ್ರೋಲ್ ಬರುತ್ತಿದೆ ಅಂತ ಗೊತ್ತಾದ ಮೇಲೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ. ಸ್ವಲ್ಪವಾದರೂ ಎದ್ದು ಅಲ್ಲಾಡಬೇಕು. ಸೊನ್ನೆಯಲ್ಲೇ ಅಂಟಿಕೊಂಡಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಿ. ಇಂಜಿನ್ ಸುತ್ತುತ್ತಿದೆ ಅಂತ ಇಸಿಯುಗೆ ಹೇಳುವುದೇ ಅದು, ಅದು ಹೇಳದಿದ್ದರೆ ಇಸಿಯು ಕಿಡಿಯನ್ನೂ ಪೆಟ್ರೋಲನ್ನೂ ಕೊಡುವುದಿಲ್ಲ. ಈ ಸೆನ್ಸರ್ ಕೆಡುವ ರೀತಿ ವಿಚಿತ್ರ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತಿ ಬಂದು ಟೀ ಕುಡಿಯಲು ನಿಲ್ಲಿಸುತ್ತೀರಿ, ಆಮೇಲೆ ಸ್ಟಾರ್ಟ್ ಆಗುವುದಿಲ್ಲ. ಮುಕ್ಕಾಲು ಗಂಟೆ ಬಿಟ್ಟು ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಸರಿ ಇರುತ್ತದೆ, ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಬಿಸಿ ಇದ್ದಾಗ ಮಾತ್ರ ಕೈಕೊಡುತ್ತದೆ ಅನ್ನುವುದನ್ನು ಮರೆಯದೆ ಹೇಳಿ. ಫೋನಿಗೆ ಬ್ಲೂಟೂತ್‌ನಲ್ಲಿ ಸೇರಿ ಕಾರಿನ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಇದ್ದರೆ ಪಿ0335 ಅನ್ನುವ ಕೋಡ್ ಬಂದಿದೆಯಾ ನೋಡಿ, ಅದು ಈ ಸೆನ್ಸರ್ ಸರ್ಕ್ಯೂಟ್‌ನದ್ದು. ಕೋಡ್ ಬಂತು ಅಂತ ಸೆನ್ಸರ್ರೇ ಹೋಗಿದೆ ಎಂದಲ್ಲ, ಅದರ ವೈರು ತುಂಡಾಗಿದ್ದರೂ ಅದೇ ಕೋಡ್ ಬರುತ್ತದೆ.

ವೈರು ಅಂದರೆ ಇಲಿ. ಮಳೆಗಾಲದಲ್ಲಿ ಬೆಚ್ಚಗಿರುವ ಬಾನೆಟ್ ಅವಕ್ಕೆ ಒಳ್ಳೆ ಮನೆ. ತೋಟದ ಮನೆಗಳಲ್ಲಿ, ಕಸದ ತೊಟ್ಟಿ ಪಕ್ಕದ ಪಾರ್ಕಿಂಗ್‌ಗಳಲ್ಲಿ ಇದು ನಿತ್ಯದ ಗೋಳು. ಇಂಜಿನ್ ಮೇಲೆ ಹಿಕ್ಕೆ, ಬ್ರೆಡ್ ಚೂರು, ತೆಂಗಿನ ನಾರು ಕಂಡರೆ ಟಾರ್ಚ್ ಹಿಡಿದು ಇಂಜೆಕ್ಟರ್ ಮತ್ತು ಇಗ್ನಿಷನ್ ಕಾಯಿಲ್‌ಗೆ ಹೋಗುವ ವೈರುಗಳನ್ನು ಒಂದೊಂದಾಗಿ ನೋಡಿ. ಕಡಿದ ಪೆಟ್ರೋಲ್ ಪೈಪ್ ಕಂಡರೆ ಸೆಲ್ಫ್ ಹೊಡೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಬೆಂಕಿ ಹತ್ತೀತು. ಹೊಗೆಸೊಪ್ಪು ಕಟ್ಟುವುದು, ನುಸಿಗುಳಿಗೆ ಹಾಕುವುದು ಇದೆಲ್ಲ ಕೆಲವು ದಿನ ನಡೆಯುತ್ತದೆ ಅಷ್ಟೇ. ತಂತಿ ಬಲೆಯೇ ಗಟ್ಟಿ.

ಸೆಲ್ಫ್ ಹೊಡೆಯುವ ಶಬ್ದ ಎಂದಿನ ಹಾಗೆ ಏರಿಳಿತ ಇಲ್ಲದೆ ಹಗುರಾಗಿ, ವೇಗವಾಗಿ ವಿರ್ ಅಂತ ಬಂದರೆ ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು, ಅಥವಾ ಚೈನ್ ಹಾರಿರಬಹುದು. ತಕ್ಷಣ ನಿಲ್ಲಿಸಿ. ಇನ್ನೂ ಸುತ್ತಿಸಿದರೆ ಪಿಸ್ಟನ್ ಬಡಿದು ವಾಲ್ವ್ ಬಗ್ಗಬಹುದು. ಇದು ರಸ್ತೆ ಬದಿಯ ಕೆಲಸ ಅಲ್ಲ.

ಡೀಸೆಲ್ ಗಾಡಿಗೆ ಪ್ಲಗ್, ಕಾಯಿಲ್ ಗೊಡವೆ ಇಲ್ಲ, ಅದರ ಗೋಳು ಬೇರೆ. ಮಡಿಕೇರಿ, ಚಿಕ್ಕಮಗಳೂರಿನ ಚಳಿ ಬೆಳಿಗ್ಗೆಗಳಲ್ಲಿ ಕೀ ಆನ್ ಮಾಡಿ ಡ್ಯಾಶ್‌ಬೋರ್ಡ್‌ನ ಹಳದಿ ಸುರುಳಿ ಲೈಟ್ ಆರುವವರೆಗೆ ಕಾಯಿರಿ, ಹೀಟರ್ ಪ್ಲಗ್ ಬಿಸಿಯಾಗಬೇಕು. ಹೀಟರ್ ಪ್ಲಗ್ ಹೋಗಿದ್ದರೆ ಕೀ ಎರಡು ಮೂರು ಸಲ ಆನ್ ಆಫ್ ಮಾಡಿ ಆಮೇಲೆ ಹೊಡೆದರೆ ಕೆಲವೊಮ್ಮೆ ಹಿಡಿಯುತ್ತದೆ. ಟ್ಯಾಂಕ್ ಪೂರ್ತಿ ಖಾಲಿಯಾಗಿ ನಿಂತಿದ್ದರೆ ಡೀಸೆಲ್ ತುಂಬಿಸಿದ ಮಾತ್ರಕ್ಕೆ ಸ್ಟಾರ್ಟ್ ಆಗುವುದಿಲ್ಲ, ಲೈನಿಗೆ ಏರ್ ಹಿಡಿದಿರುತ್ತದೆ. ಫಿಲ್ಟರ್ ಹತ್ತಿರ ಕೈ ಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತುತ್ತಾ ಹೋಗಿ. ಇಲ್ಲದಿದ್ದರೆ ಕೀ ಆನ್ ಮಾಡಿ ಹತ್ತು ಸೆಕೆಂಡ್ ಬಿಟ್ಟು ಆಫ್ ಮಾಡುವುದನ್ನು ಕೆಲವು ಸಲ ಮಾಡಿ, ಟ್ಯಾಂಕಿನೊಳಗೆ ಪಂಪ್ ಇರುವ ಗಾಡಿಗಳಲ್ಲಿ ಅದೇ ಲೈನ್ ತುಂಬುತ್ತದೆ. ಫಿಲ್ಟರ್‌ನಲ್ಲಿ ನೀರು ಸೇರಿದೆ ಅನ್ನುವ ಲೈಟ್ ಹತ್ತಿದ್ದರೆ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಇಳಿಸಬೇಕು. ಆದರೆ ಇಂಜೆಕ್ಟರ್‌ಗೆ ಹೋಗುವ ಕಬ್ಬಿಣದ ಪೈಪಿನ ನಟ್ಟನ್ನು ಹಳೇ ಟ್ರ್ಯಾಕ್ಟರ್‌ನ ಅಭ್ಯಾಸದಲ್ಲಿ ಬಿಚ್ಚಲು ಹೋಗಬೇಡಿ. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಆ ಪೈಪಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಕೈ ಚೆಲ್ಲಿದ ಮೇಲೆ

ಹೆದ್ದಾರಿಯಲ್ಲಿ ನಿಂತಿದ್ದರೆ ಮೊದಲು ಹಜಾರ್ಡ್ ಲೈಟ್ ಹಾಕಿ, ತ್ರಿಕೋನದ ಫಲಕವನ್ನು ಸಾಕಷ್ಟು ಹಿಂದೆ ಇಟ್ಟು, ಮಕ್ಕಳು ಮರಿ ಎಲ್ಲರನ್ನೂ ಕಾರಿನಿಂದ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತು ಅಂದರೆ 112. ಇನ್ಶೂರೆನ್ಸ್ ಪೇಪರ್ ತೆಗೆದು ನೋಡಿ, ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿದ್ದರೂ ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ. ಆಟೋಮ್ಯಾಟಿಕ್ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಬೇಡಿ, ನಾಲ್ಕೂ ಚಕ್ರ ಮೇಲಿರುವ ಫ್ಲ್ಯಾಟ್‌ಬೆಡ್ ಕಳಿಸಿ ಅಂತ ಕೇಳಿ.

ಮೆಕ್ಯಾನಿಕ್‌ಗೆ ಹೇಳುವಾಗ "ಏನೋ ಆಗಿದೆ, ಸ್ಟಾರ್ಟ್ ಆಗ್ತಿಲ್ಲ" ಅನ್ನಬೇಡಿ. ಸೆಲ್ಫ್ ಹೊಡೆಯುತ್ತದೆಯೋ ಇಲ್ಲವೋ, ಯಾವ ಶಬ್ದ, ಬಿಸಿ ಇದ್ದಾಗಲೋ ತಣ್ಣಗಿದ್ದಾಗಲೋ, ಹಿಂದಿನ ದಿನ ಯಾವುದಾದರೂ ಕೆಲಸ ಮಾಡಿಸಿದ್ದಿರೋ, ಯಾವ ಲೈಟ್ ಹತ್ತಿದೆ, ಇಷ್ಟು ಹೇಳಿ. ಸಾಧ್ಯವಾದರೆ ಕೀ ತಿರುಗಿಸುವ ಹತ್ತು ಸೆಕೆಂಡ್ ವಿಡಿಯೋ ಮಾಡಿ ವಾಟ್ಸಾಪ್ ಮಾಡಿ. ಶಬ್ದ ಕೇಳಿದರೆ ಯಾವ ಸಾಮಾನು ತರಬೇಕು ಅಂತ ಅವರಿಗೆ ಅಂದಾಜಾಗುತ್ತದೆ. "ಬ್ಯಾಟರಿ ಹೋಗಿದೆ, ಹೊಸದು ಹಾಕೋಣ" ಅಂದರೆ ಲೋಡ್ ಟೆಸ್ಟ್ ಮಾಡಿ ತೋರಿಸಿ ಅನ್ನಿ, ಆಲ್ಟರ್ನೇಟರ್ ವೋಲ್ಟೇಜ್ ಕೂಡ ನೋಡಿ ಅನ್ನಿ. ಹಳೇ ಬ್ಯಾಟರಿ ವಾಪಸ್ ಕೊಟ್ಟರೆ ಬೆಲೆಯಲ್ಲಿ ಕಳೆಯುತ್ತಾರೆ. ಐಡಲ್ ಸ್ಟಾಪ್ (ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ತಾನೇ ಆಫ್ ಆಗುವ ವ್ಯವಸ್ಥೆ) ಇರುವ ಕಾರಾದರೆ ಅದಕ್ಕೇ ಹೊಂದುವ ಇಎಫ್‌ಬಿ ಅಥವಾ ಎಜಿಎಂ ನಮೂನೆಯ ಬ್ಯಾಟರಿಯೇ ಬೇಕು, ಅಗ್ಗಕ್ಕೆ ಮಾಮೂಲಿ ಹಾಕಿಸಿದರೆ ಬೇಗ ಹೋಗುತ್ತದೆ. ವಾರಂಟಿ ಕಾರ್ಡಿನಲ್ಲಿ ಬ್ಯಾಟರಿಯ ಸೀರಿಯಲ್ ನಂಬರ್, ತಾರೀಕು, ಅಂಗಡಿಯ ಸೀಲ್ ಇದೆಯಾ ನೋಡಿಯೇ ದುಡ್ಡು ಕೊಡಿ.